ಕ್ಲಾಸ್ ಡಿ ಆಂಪ್ ಕೊಳ್ಳುವ ಮುಂಚೆ ಅಡಾಪ್ಟರ್ ತಿರುಗಿಸಿ ನೋಡಿ

"ಹೊಸ ಸ್ಪೀಕರ್ ತಂದಿದ್ದೇನೆ, ಯಾವ ಕ್ಲಾಸ್ ಡಿ ಆಂಪ್ ತೆಗೆದುಕೊಳ್ಳಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. (ಆಂಪ್ ಅಂದರೆ ಆಂಪ್ಲಿಫೈಯರ್, ಹಾಡಿನ ಸಣ್ಣ ಸಿಗ್ನಲ್ಲಿಗೆ ಸ್ಪೀಕರ್ ನುಡಿಸುವಷ್ಟು ಬಲ ಕೊಡುವ ಡಬ್ಬಿ.) ಅದರ ಬೆನ್ನಿಗೇ ಇನ್ನೊಂದು: "ಅಂಗೈ ಅಗಲದ ಡಬ್ಬಿ, 300 ವ್ಯಾಟ್ ಅಂತ ಬರೆದಿದೆ, ನಿಜಾನಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಸುಮಾರು ಎಲ್ಲರೂ ಆಂಪಿನಿಂದ ಶುರು ಮಾಡುತ್ತಾರೆ. ನೀವು ಉಲ್ಟಾ ಹೋಗಿ. ಮೊದಲು ಸ್ಪೀಕರ್, ಆಮೇಲೆ ನಿಮ್ಮ ಹಾಲ್, ಆಮೇಲೆ ಕರೆಂಟ್ ಕೊಡುವ ಅಡಾಪ್ಟರ್. ಇಷ್ಟು ಗೊತ್ತಾದರೆ ನಡುವೆ ಕೂರುವ ಡಬ್ಬಿಗೆ ಎರಡೋ ಮೂರೋ ಹೆಸರಷ್ಟೇ ಉಳಿಯುತ್ತವೆ.

ಕ್ಲಾಸ್ ಡಿ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದಮೇಲೆ ಸಿಕ್ಕಿದ ಅಕ್ಷರ, ಅಷ್ಟೇ. ಹಳೆಯ ಕ್ಲಾಸ್ ಎಬಿ ಆಂಪಿನಲ್ಲಿ ಟ್ರಾನ್ಸಿಸ್ಟರ್ ಅರ್ಧ ತಿರುಗಿಸಿದ ನಲ್ಲಿಯ ಹಾಗೆ ಕೆಲಸ ಮಾಡುತ್ತದೆ. ಆ ಅರ್ಧದಲ್ಲೇ ಸಾಕಷ್ಟು ಕರೆಂಟ್ ಬಿಸಿಯಾಗಿ ಪೋಲಾಗುತ್ತದೆ. ಕ್ಲಾಸ್ ಡಿಯಲ್ಲಿ ಅದು ಬರೀ ಸ್ವಿಚ್. ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್, ಸೆಕೆಂಡಿಗೆ ಕೆಲವು ಲಕ್ಷ ಸಲ. ಎಷ್ಟು ಹೊತ್ತು ಆನ್, ಎಷ್ಟು ಹೊತ್ತು ಆಫ್ ಅನ್ನುವುದರಲ್ಲೇ ಹಾಡು ಅಡಗಿರುತ್ತದೆ. ಕೊನೆಯಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್ ಸೇರಿ ಸ್ವಿಚ್ಚಿನ ಗದ್ದಲವನ್ನು ಸೋಸಿ ಹಾಡನ್ನು ಸ್ಪೀಕರ್‌ಗೆ ಬಿಡುತ್ತವೆ. ಇದಕ್ಕೆ ಔಟ್‌ಪುಟ್ ಫಿಲ್ಟರ್ ಅಂತ ಹೆಸರು. ಇದರ ಹೆಸರು ಮುಂದೆ ಮತ್ತೆ ಬರುತ್ತದೆ, ನೆನಪಿರಲಿ. ಜೋರಾಗಿ ನುಡಿಯುವಾಗ ಇಂಥ ಆಂಪ್ ತಾನು ಎಳೆದ ಕರೆಂಟಿನ ಶೇಕಡಾ 85–90ರಷ್ಟನ್ನು ಸ್ಪೀಕರ್‌ಗೇ ತಲುಪಿಸುತ್ತದೆ. ಡಬ್ಬಿ ಚಿಕ್ಕದಾಗಿರುವುದಕ್ಕೆ ಇದೇ ಕಾರಣ.

ಶುರು ಮಾಡುವ ಮುಂಚೆ ಸ್ಪೀಕರಿನ ಮ್ಯಾನುಯಲ್, ಅಳೆಯುವ ಟೇಪ್ ಮತ್ತು ಫೋನಿನಲ್ಲಿ ಒಂದು ಸೌಂಡ್ ಮೀಟರ್ ಆಪ್ ಹತ್ತಿರ ಇಟ್ಟುಕೊಳ್ಳಿ. ಆಪ್ ಕರಾರುವಾಕ್ಕಾಗಿ ಇರಬೇಕಿಲ್ಲ, ಅಂದಾಜಿಗೆ ಸಾಕು.

ಹಂತ 1: ಸ್ಪೀಕರಿನ ಎರಡು ಅಂಕಿ ಬರೆದಿಟ್ಟುಕೊಳ್ಳಿ

ಮೊದಲನೆಯದು ಸೆನ್ಸಿಟಿವಿಟಿ. ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ನಿಂತರೆ ಎಷ್ಟು ಡೆಸಿಬಲ್ ಕೇಳುತ್ತದೆ ಅನ್ನುವ ಲೆಕ್ಕ ಇದು. ಮನೆಯ ಸ್ಪೀಕರ್‌ಗಳಲ್ಲಿ ಹೆಚ್ಚಾಗಿ 83ರಿಂದ 90ರ ಒಳಗೆ ಇರುತ್ತದೆ. ಎರಡನೆಯದು ಇಂಪೀಡೆನ್ಸ್, ಅಂದರೆ ಸ್ಪೀಕರ್ ಒಡ್ಡುವ ತಡೆ. ಇದನ್ನು ಓಮ್‌ನಲ್ಲಿ ಹೇಳುತ್ತಾರೆ. 4, 6 ಅಥವಾ 8.

ಇಲ್ಲೊಂದು ಸಣ್ಣ ಮೋಸ ಇದೆ. ಕೆಲವು ಕಂಪನಿಗಳು "1 ವ್ಯಾಟ್" ಅನ್ನದೆ "2.83 ವೋಲ್ಟ್" ಅಂತ ಬರೆಯುತ್ತವೆ. 8 ಓಮ್ ಸ್ಪೀಕರ್‌ಗೆ ಎರಡೂ ಒಂದೇ. 4 ಓಮ್ ಸ್ಪೀಕರ್‌ಗೆ ಮಾತ್ರ 2.83 ವೋಲ್ಟ್ ಅಂದರೆ 2 ವ್ಯಾಟ್ ಆಗುತ್ತದೆ. ಅಂಥ ಕಡೆ ಅವರು ಬರೆದ ಅಂಕಿಯಿಂದ 3 ಕಳೆಯಿರಿ.

ಸ್ಪೀಕರ್ ಹಿಂದೆ "ಗರಿಷ್ಠ 100 ವ್ಯಾಟ್" ಅಂತ ಇದ್ದರೆ 100 ವ್ಯಾಟ್ ಆಂಪೇ ಬೇಕು ಅಂತ ಅರ್ಥವಲ್ಲ. ಈ ಗೊಂದಲ ತುಂಬಾ ಜನರಿಗಿದೆ. ಅದು ಸ್ಪೀಕರ್ ತಡೆದುಕೊಳ್ಳುವ ಮಿತಿ. ಅದಕ್ಕೆ ಬೇಕಾಗುವುದು ಎಷ್ಟು ಅನ್ನುವುದು ಬೇರೆ ಲೆಕ್ಕ.

ಹಂತ 2: ನಿಮಗೆ ನಿಜವಾಗಿ ಎಷ್ಟು ವ್ಯಾಟ್ ಬೇಕು

ಪೆನ್ನು ತೆಗೆದುಕೊಳ್ಳಿ. ಸ್ಪೀಕರ್ 86 ಡೆಸಿಬಲ್ ಅಂತ ಇಟ್ಟುಕೊಳ್ಳೋಣ. ನೀವು ಕೂರುವ ಸೋಫಾ 3 ಮೀಟರ್ ದೂರ, ಅಂದರೆ ಸುಮಾರು ಹತ್ತಡಿ. ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲಾಟಿನ ಹಾಲ್‌ನಲ್ಲಿ ಇದಕ್ಕಿಂತ ದೂರ ಕೂರುವುದಕ್ಕೆ ಜಾಗವಾದರೂ ಎಲ್ಲಿದೆ, ಅಲ್ವಾ? ಬಯಲಿನಲ್ಲಾಗಿದ್ದರೆ ಇಷ್ಟು ದೂರಕ್ಕೆ 9 ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿಯೇ ಕಮ್ಮಿಯಾಗುತ್ತಿತ್ತು. ಮನೆಯಲ್ಲಿ ಗೋಡೆ, ಟೈಲ್ಸ್ ಎಲ್ಲ ಒಂದಿಷ್ಟು ವಾಪಸ್ ಕೊಡುತ್ತವೆ. 6 ಅಂತ ಹಿಡಿಯಿರಿ. ಸ್ಪೀಕರ್ ಎರಡಿರುವುದಕ್ಕೆ 3 ಕೂಡಿಸಿ. 86ರಲ್ಲಿ 6 ಹೋಗಿ 80, ಅದಕ್ಕೆ 3 ಸೇರಿ 83. ಒಂದೊಂದು ಸ್ಪೀಕರ್‌ಗೆ ಬರೀ 1 ವ್ಯಾಟ್ ಕೊಟ್ಟರೆ ಸೋಫಾದಲ್ಲಿ 83 ಡೆಸಿಬಲ್ ಕೇಳುತ್ತದೆ.

ಸಾಮಾನ್ಯವಾಗಿ ಮಾತಾಡುವುದು 60ರ ಆಸುಪಾಸು. ಅಂದಮೇಲೆ 83 ಜೋರೇ.

ಹಾಗಾದರೆ ಉಳಿದ ವ್ಯಾಟ್ ಯಾಕೆ? ಹಾಡು ಒಂದೇ ಮಟ್ಟದಲ್ಲಿ ಇರುವುದಿಲ್ಲ. ತನಿ ಆವರ್ತನದಲ್ಲಿ ಮೃದಂಗದ ಒಂದು ಜೋರು ಪೆಟ್ಟು ಸರಾಸರಿಗಿಂತ 15–20 ಡೆಸಿಬಲ್ ಮೇಲಕ್ಕೆ ಹಾರಬಹುದು. ಆ ಒಂದು ಕ್ಷಣಕ್ಕೆ ಆಂಪಿನಲ್ಲಿ ವ್ಯಾಟ್ ಉಳಿದಿರಬೇಕು. ಇಲ್ಲದಿದ್ದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಇದನ್ನೇ ಕ್ಲಿಪ್ಪಿಂಗ್ ಅನ್ನುವುದು. ಪೆಟ್ಟು "ಧಿಮ್" ಅನ್ನುವ ಬದಲು "ಪಟ್" ಅನ್ನುತ್ತದೆ.

ಲೆಕ್ಕದ ಸೂತ್ರ ಇಷ್ಟೇ: ಪ್ರತಿ 3 ಡೆಸಿಬಲ್‌ಗೆ ವ್ಯಾಟ್ ದುಪ್ಪಟ್ಟು, ಪ್ರತಿ 10 ಡೆಸಿಬಲ್‌ಗೆ ಹತ್ತು ಪಟ್ಟು.

ಸರಾಸರಿ 75 ಡೆಸಿಬಲ್‌ನಲ್ಲಿ ಕೇಳುವವರಿಗೆ ಪೆಟ್ಟು 95ಕ್ಕೆ ಹೋಗುತ್ತದೆ. ಮೇಲಿನ ಸ್ಪೀಕರ್‌ಗೆ ಅದಕ್ಕೆ ಸುಮಾರು 16 ವ್ಯಾಟ್ ಬೇಕು. ಸರಾಸರಿ 80 ಆದರೆ 50 ವ್ಯಾಟ್. ಸರಾಸರಿ 85ರಲ್ಲಿ ಕೇಳುತ್ತೇನೆ ಅನ್ನುವವರಿಗೆ 160 ವ್ಯಾಟ್, ಜೊತೆಗೆ ಕೆಳಗಿನ ಮನೆಯವರ ಸಹನೆ. ಸ್ಪೀಕರ್ 83 ಡೆಸಿಬಲ್‌ನದ್ದಾದರೆ ಈ ಮೂರನ್ನೂ ಎರಡರಿಂದ ಗುಣಿಸಿ.

ಫೋನಿನ ಆಪ್ ಇಟ್ಟುಕೊಂಡು ನೀವು ದಿನಾ ಕೇಳುವ ಮಟ್ಟ ಅಳೆಯಿರಿ. "ನಾನು ತುಂಬಾ ಜೋರಾಗಿ ಕೇಳುತ್ತೇನೆ" ಅನ್ನುವವರಲ್ಲಿ ಬಹಳಷ್ಟು ಜನ 75 ದಾಟಿರುವುದಿಲ್ಲ. ಫ್ಲಾಟಿನಲ್ಲಿ ಇರುವವರಿಗೆ 50 ವ್ಯಾಟ್ ಧಾರಾಳ ಅನ್ನುವುದು ನನ್ನ ಅಭಿಪ್ರಾಯ.

ಹಂತ 3: ಅಡಾಪ್ಟರ್ ತಿರುಗಿಸಿ ಲೇಬಲ್ ಓದಿ

ಈ ಹಂತ ಬಿಟ್ಟರೆ ಉಳಿದದ್ದೆಲ್ಲ ದಂಡ. ಸ್ವಲ್ಪ ನಿಧಾನವಾಗಿ ಓದಿ.

ಚಿಕ್ಕ ಕ್ಲಾಸ್ ಡಿ ಆಂಪ್‌ಗಳಿಗೆ ಲ್ಯಾಪ್‌ಟಾಪ್ ಚಾರ್ಜರ್ ತರದ ಅಡಾಪ್ಟರ್ ಜೊತೆಗೆ ಬರುತ್ತದೆ. ಡಬ್ಬಿಯ ಮೇಲೆ "300 ವ್ಯಾಟ್ × 2" ಅಂತ ದಪ್ಪಕ್ಷರ. ಅಡಾಪ್ಟರ್ ತಿರುಗಿಸಿದರೆ ಅಕ್ಕಿ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ "ಔಟ್‌ಪುಟ್: 32 ವೋಲ್ಟ್, 5 ಆಂಪಿಯರ್". ಗುಣಿಸಿ. 160 ವ್ಯಾಟ್. ಒಳಗೆ ಹೋಗುವುದೇ 160 ಆದರೆ ಹೊರಗೆ 600 ಎಲ್ಲಿಂದ ಬರಬೇಕು? ಆಂಪಿನ ಪೋಲು ಕಳೆದರೆ 140 ಚಿಲ್ಲರೆ, ಎರಡು ಕಡೆಗೆ ಹಂಚಿದರೆ ಒಂದೊಂದಕ್ಕೆ ಸುಮಾರು 70. ಕ್ಷಣದ ಪೆಟ್ಟಿಗೆ ಒಳಗಿನ ಕೆಪಾಸಿಟರ್‌ಗಳು ಸ್ವಲ್ಪ ಸಾಲ ಕೊಡುತ್ತವೆ, ನಿಜ. ಆದರೆ 300 ಅಲ್ಲವೇ ಅಲ್ಲ.

ಹಾಗಂತ ಆ 300 ಪೂರ್ತಿ ಸುಳ್ಳೂ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ 3255 ಅನ್ನುವ ಚಿಪ್ಪಿಗೆ, 50 ವೋಲ್ಟ್ ದಾಟಿದ ದೊಡ್ಡ ಸಪ್ಲೈ ಕೊಟ್ಟು, 4 ಓಮ್ ಸ್ಪೀಕರ್ ಜೋಡಿಸಿದರೆ ಚಾನೆಲ್‌ಗೆ 315 ವ್ಯಾಟ್ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಆದರೆ ಅದು ಶೇಕಡಾ 10 ಡಿಸ್ಟಾರ್ಷನ್‌ನಲ್ಲಿ, ಅಂದರೆ ದನಿ ಎದ್ದು ಕಾಣುವಷ್ಟು ಕೆಟ್ಟಮೇಲೆ. ಶೇಕಡಾ 1ರಲ್ಲಿ ಅದೇ ಚಿಪ್ 260 ವ್ಯಾಟ್, 8 ಓಮ್‌ಗೆ 150. ಚಿಪ್ ತಯಾರಕರು ಎರಡೂ ಅಂಕಿ ಬರೆಯುತ್ತಾರೆ. ಡಬ್ಬಿ ಮಾಡುವವರು ದೊಡ್ಡದನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ಒಂದು ಕಾಲದಲ್ಲಿ ಟೇಪ್‌ರೆಕಾರ್ಡರ್ ಮೇಲೆ "2000 ವ್ಯಾಟ್ ಪಿಎಂಪಿಒ" ಅಂತ ಸ್ಟಿಕ್ಕರ್ ಇರುತ್ತಿತ್ತಲ್ಲ, ಇದು ಅದರ ಮರಿಮಗ.

ನೀವೇ ಲೆಕ್ಕ ಹಾಕುವ ಉಪಾಯ ಒಂದಿದೆ. ವೋಲ್ಟನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 8 ಓಮ್ ಸ್ಪೀಕರ್‌ಗೆ 24 ವೋಲ್ಟ್ ಆದರೆ 36 ವ್ಯಾಟ್. 32 ವೋಲ್ಟ್ ಆದರೆ 64. 48 ವೋಲ್ಟ್ ಆದರೆ 144. ದನಿ ಕೆಡದೆ ಇದನ್ನು ದಾಟಲಾಗದು, ನಿಜವಾಗಿ ಸಿಗುವುದು ಇದಕ್ಕಿಂತ ಸ್ವಲ್ಪ ಕಮ್ಮಿ. 4 ಓಮ್‌ಗೆ ಈ ಲೆಕ್ಕ ದುಪ್ಪಟ್ಟು ತೋರಿಸುತ್ತದೆ, ಆದರೆ ಆಗ ಅಡಾಪ್ಟರಿನ ಆಂಪಿಯರ್ ಮೊದಲು ಕೈಕೊಡುತ್ತದೆ. ಈ ವೋಲ್ಟ್ ಲೆಕ್ಕ, ಮೇಲೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ ಪೋಲು ಕಳೆದು ಎರಡಕ್ಕೆ ಹಂಚಿದ ಆಂಪಿಯರ್ ಲೆಕ್ಕ, ಎರಡೂ ಮಾಡಿ. ಯಾವುದು ಕಮ್ಮಿಯೋ ಅದೇ ನಿಮ್ಮ ವ್ಯಾಟ್. ಈ ಉಪಾಯ ಒಂದೊಂದು ಸ್ಪೀಕರನ್ನೂ ಎರಡೂ ತುದಿಯಿಂದ ನಡೆಸುವ ಬಿಟಿಎಲ್ ಜೋಡಣೆಗೆ. ಅಡಾಪ್ಟರ್ ಮೇಲೆ ನಡೆಯುವ ಚಿಕ್ಕ ಆಂಪ್‌ಗಳು ಹೆಚ್ಚುಕಮ್ಮಿ ಎಲ್ಲ ಹೀಗೇ.

ಲೇಬಲ್ ಮೇಲೆ ಇನ್ನು ಮೂರು ವಿಷಯ ನೋಡಿ. ಇನ್‌ಪುಟ್ 100–240 ವೋಲ್ಟ್ ಇರಬೇಕು, ಬರೀ 110 ಇದ್ದರೆ ನಮ್ಮ 230ಕ್ಕೆ ಸುಟ್ಟುಹೋಗುತ್ತದೆ. ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದ್ದರೆ ಒಳ್ಳೆಯದು. ಪ್ಲಗ್ ನಮ್ಮ ಸಾಕೆಟ್‌ಗೆ ಬಿಗಿಯಾಗಿ ಕೂರಬೇಕು. ಹೊರದೇಶದ ಚಪ್ಪಟೆ ಪಿನ್ನಿಗೆ ರಸ್ತೆಬದಿಯ ಕನ್ವರ್ಟರ್ ಸಿಕ್ಕಿಸಿ ವರ್ಷಗಟ್ಟಲೆ ನಡೆಸಬೇಡಿ. ಅದು ಸಡಿಲವಾಗಿ ಕಿಡಿ ಹಾರುತ್ತದೆ.

ಎಚ್ಚರಿಕೆ: ಅಡಾಪ್ಟರ್ ಪಿನ್ ಕೂರುತ್ತದೆ ಅಂದ ಮಾತ್ರಕ್ಕೆ ಹಾಕಬೇಡಿ. ಟಿಪಿಎ 3116 ಚಿಪ್ಪಿನ ಆಂಪ್ 26 ವೋಲ್ಟ್‌ವರೆಗೆ ಮಾತ್ರ. ಅದಕ್ಕೆ 32 ವೋಲ್ಟ್ ಅಡಾಪ್ಟರ್ ಸಿಕ್ಕಿಸಿದರೆ ಹೊಗೆ ಬಂದಮೇಲೇ ಗೊತ್ತಾಗುವುದು. ಮನೆಯಲ್ಲಿ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಇದ್ದರೆ ಈ ಚಿಪ್ಪಿಗೆ ನಡೆಯುತ್ತದೆ. ಪಿನ್ನಿನ ನಡುವೆ ಪ್ಲಸ್ ಇದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಿಕೊಂಡು ಹಾಕಿ. 8 ಓಮ್‌ಗೆ ಹೆಚ್ಚೆಂದರೆ 22 ವ್ಯಾಟ್ ಸಿಗುತ್ತದೆ. ರೂಮಿಗೆ ಸಾಕು.

ಹಂತ 4: ಈಗ ಆಂಪ್

ಲೆಕ್ಕ ಕೈಯಲ್ಲಿದೆ. ಇನ್ನು ಸುಲಭ.

20–30 ವ್ಯಾಟ್ ಸಾಕು ಅಂದವರಿಗೆ ಟಿಪಿಎ 3116 ಅಥವಾ 3118 ಚಿಪ್ಪಿನ ಆಂಪ್. ಓದುವ ಮೇಜು, ಮಲಗುವ ಕೋಣೆ, ಅಟ್ಟದಿಂದ ಇಳಿಸಿದ ಹಳೇ ಸ್ಪೀಕರ್, ಇವಕ್ಕೆಲ್ಲ ಇದು.

50ರಿಂದ 120 ವ್ಯಾಟ್ ಬೇಕು ಅಂದವರಿಗೆ ಟಿಪಿಎ 3255. ಫೋಸಿ, ಐಯಿಮಾ ಮುಂತಾದ ಚೀನಾ ಕಂಪನಿಗಳ ಹಲವು ಚಿಕ್ಕ ಡಬ್ಬಿಗಳಲ್ಲಿ ಇದೇ ಕೂತಿದೆ. ವೀಮ್ (WiiM) ಆಂಪ್‌ನಲ್ಲೂ ಇದೇ. ಅದು 8 ಓಮ್‌ಗೆ 60 ವ್ಯಾಟ್ ಅಂತ ಪ್ರಾಮಾಣಿಕವಾಗಿ ಬರೆದುಕೊಂಡಿದೆ. ಒಂದೇ ಚಿಪ್, ಒಬ್ಬರು 300 ಅನ್ನುತ್ತಾರೆ, ಒಬ್ಬರು 60 ಅನ್ನುತ್ತಾರೆ. ಮೇಲಿನ ಹಂತ ಓದಿದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೂ ಮೇಲಕ್ಕೆ ನೆದರ್‌ಲ್ಯಾಂಡ್ಸ್‌ನ ಹೈಪೆಕ್ಸ್, ಡೆನ್ಮಾರ್ಕ್‌ನ ಪ್ಯೂರಿಫೈ ಮತ್ತು ಐಸ್‌ಪವರ್ ಇವೆ. ಇವು ಮಾಡ್ಯೂಲ್‌ಗಳು. ಅಂದರೆ ಸಿದ್ಧ ಆಂಪ್ ಬೋರ್ಡ್. ಬೇರೆ ಕಂಪನಿಗಳು ಕೊಂಡು ಪೆಟ್ಟಿಗೆಗೆ ಹಾಕಿ ಮಾರುತ್ತವೆ. ಹೈಪೆಕ್ಸ್‌ನ ಎನ್‌ಸಿ 252 ಎಂಪಿ ಬೋರ್ಡ್ ಎರಡು ಚಾನೆಲ್‌ಗೂ 4 ಓಮ್‌ಗೆ 250 ವ್ಯಾಟ್ ಕೊಡುತ್ತದೆ, ಪವರ್ ಸಪ್ಲೈ ಅದರಲ್ಲೇ ಇದೆ. ಇಂಥ ಕಡೆ ಒಳಗಿನ ಮಾಡ್ಯೂಲ್ ಯಾವುದು ಅಂತ ಕೇಳಿ. ಒಂದೇ ಮಾಡ್ಯೂಲ್ ಎರಡು ಬ್ರ್ಯಾಂಡ್‌ನಲ್ಲಿ ಎರಡು ಬೆಲೆಗೆ ಸಿಗುತ್ತದೆ. ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ಅಲ್ಯೂಮಿನಿಯಂ ಪೆಟ್ಟಿಗೆಯದು.

ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅದೇ ನಮ್ಮ ಎಸ್‌.ಪಿ. ರೋಡ್‌ನಲ್ಲಿ, ಪೆಟ್ಟಿಗೆ ಇಲ್ಲದ ಬರೀ ಬೋರ್ಡ್‌ಗಳೂ ಸಿಗುತ್ತವೆ. ಬೆಸುಗೆ ಹಾಕುವ ಅಭ್ಯಾಸ ಇದ್ದವರು ಅಲ್ಲಿಗೆ ಹೋಗಿ. ಮೊದಲ ಸಲ ಹೈ-ಫೈ ಮಾಡುವವರು ಹೋಗಿ ನೋಡಿಕೊಂಡು, ವೈರ್ ಮಾತ್ರ ತಂದರೆ ಸಾಕು.

ಹಂತ 5: ಫಿಲ್ಟರಿನ ಪ್ರಶ್ನೆ

ಔಟ್‌ಪುಟ್ ಫಿಲ್ಟರ್ ಅಂದೆನಲ್ಲ, ಅದು ಒಂದು ನಿರ್ದಿಷ್ಟ ಓಮ್‌ಗೆ ಅಳತೆ ಮಾಡಿ ಹೊಲಿದ ಬಟ್ಟೆ ಇದ್ದ ಹಾಗೆ. ಓಮ್ ಜಾಸ್ತಿಯಾದರೆ ತುದಿಯ ಟ್ರೆಬಲ್ ಏರುತ್ತದೆ, ಕಮ್ಮಿಯಾದರೆ ಇಳಿಯುತ್ತದೆ. ಸ್ಪೀಕರಿನ ಓಮ್ ಒಂದೊಂದು ಸ್ವರಕ್ಕೆ ಒಂದೊಂದು ಇರುವುದರಿಂದ ಒಂದೇ ಆಂಪ್ ಒಬ್ಬರ ಮನೆಯಲ್ಲಿ ಚುರುಕಾಗಿ, ಇನ್ನೊಬ್ಬರ ಮನೆಯಲ್ಲಿ ಮಂಕಾಗಿ ಕೇಳಬಹುದು.

ಇದಕ್ಕೆ ಮದ್ದು ಪಿಎಫ್‌ಎಫ್‌ಬಿ. ಫಿಲ್ಟರ್ ದಾಟಿದ ಮೇಲಿನ ದನಿಯನ್ನು ಮತ್ತೆ ಆಂಪಿಗೆ ತೋರಿಸಿ ತಿದ್ದಿಸುವ ವಿಧಾನ. ಹೈಪೆಕ್ಸ್‌ನ ಎನ್‌ಕೋರ್ (ಮೇಲೆ ಹೇಳಿದ ಎನ್‌ಸಿ ಬೋರ್ಡಿನ ಸರಣಿ), ಪ್ಯೂರಿಫೈ ಎರಡರಲ್ಲೂ ಈ ತಿದ್ದುವಿಕೆ ಮೊದಲಿನಿಂದಲೇ ಇದೆ. ಟಿಪಿಎ 3255 ಆಂಪ್‌ಗಳಲ್ಲಿ ಕೆಲವದರಲ್ಲಿ ಇದೆ, ಕೆಲವದರಲ್ಲಿ ಇಲ್ಲ. ವಿವರದಲ್ಲಿ ಹುಡುಕಿ. ಆಂಪಿನ ಅಳತೆಯ ಗ್ರಾಫ್ ಸಿಕ್ಕರೆ 4 ಓಮ್, 8 ಓಮ್ ಎರಡು ಗೆರೆಗಳು ಬಲತುದಿಯಲ್ಲಿ ಬೇರೆಬೇರೆ ದಾರಿ ಹಿಡಿದಿವೆಯಾ ನೋಡಿ. ಒಂದರ ಮೇಲೊಂದು ಕೂತಿದ್ದರೆ ನಿಶ್ಚಿಂತೆ.

ಆದರೆ ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ವ್ಯತ್ಯಾಸ ಹೆಚ್ಚಾಗಿ ಇರುವುದು 10 ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ. ವಯಸ್ಸು ನಲವತ್ತು ದಾಟಿದ ನನ್ನಂಥವರ ಕಿವಿಗೆ ಅಲ್ಲಿ ಉಳಿದಿರುವುದೇ ಸ್ವಲ್ಪ.

ಹಂತ 6: ಏನೇನು ಜೋಡಿಸುತ್ತೀರಿ

ಟಿವಿ ಇದ್ದರೆ ಎಚ್‌ಡಿಎಂಐ ಎಆರ್‌ಸಿ ಅಥವಾ ಆಪ್ಟಿಕಲ್ ಇನ್‌ಪುಟ್ ನೋಡಿ. ಎಆರ್‌ಸಿ ಇದ್ದರೆ ಟಿವಿ ರಿಮೋಟಿನಲ್ಲೇ ವಾಲ್ಯೂಮ್ ಬದಲಾಗುತ್ತದೆ. ಮನೆಯವರೆಲ್ಲ ಬಳಸುವ ಸಿಸ್ಟಂ ಆದರೆ ಇದೊಂದಕ್ಕೇ ಜಾಸ್ತಿ ಕೊಟ್ಟರೂ ತಪ್ಪಿಲ್ಲ. ರೆಕಾರ್ಡ್ ಪ್ಲೇಯರ್ ಇದ್ದರೆ ಫೋನೋ ಇನ್‌ಪುಟ್ ಬೇಕು. ಚಿಕ್ಕ ಆಂಪ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಬೇರೆ ಫೋನೋ ಪ್ರೀಆಂಪ್ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮುಂದೆ ಸಬ್‌ವೂಫರ್ ತರುವ ಯೋಚನೆ ಇದ್ದರೆ ಸಬ್ ಔಟ್ ಇರುವ ಆಂಪನ್ನೇ ಈಗಲೇ ತೆಗೆದುಕೊಳ್ಳಿ. ಯಾಕೆ ಅಂತ ಮುಂದಿನ ಹಂತದಲ್ಲಿದೆ.

ಹಂತ 7: ಜೋಡಿಸುವಾಗ ಆಗುವ ತಪ್ಪುಗಳು

ದೊಡ್ಡ ತಪ್ಪು ಮೊದಲು. ಹಳೇ ಆಂಪ್‌ಗಳಲ್ಲಿ ಸ್ಪೀಕರಿನ ಕಪ್ಪು ಟರ್ಮಿನಲ್ ಅಂದರೆ ಸಾಮಾನ್ಯವಾಗಿ ಗ್ರೌಂಡ್. ಬಿಟಿಎಲ್ ಕ್ಲಾಸ್ ಡಿ ಆಂಪ್‌ನಲ್ಲಿ ಹಾಗಲ್ಲ. ಕೆಂಪು, ಕಪ್ಪು ಎರಡರಲ್ಲೂ ಜೀವ ಇರುತ್ತದೆ. ಎಡ, ಬಲ ಎರಡರ ಕಪ್ಪನ್ನು ಒಂದಕ್ಕೊಂದು ಸೇರಿಸಬಾರದು. ಕಪ್ಪನ್ನು ಪೆಟ್ಟಿಗೆಗೋ ಇನ್ನೊಂದು ಸಾಧನದ ಗ್ರೌಂಡಿಗೋ ತಾಗಿಸಬಾರದು. ಸ್ಪೀಕರ್ ಟರ್ಮಿನಲ್‌ನಿಂದ ಹೆಡ್‌ಫೋನಿಗೆ ವೈರ್ ಎಳೆಯುವ ಪ್ರಯೋಗವೂ ಬೇಡ. ನಾನು ಹಿಂದೊಮ್ಮೆ ಸಬ್‌ವೂಫರಿನ ಹೈ-ಲೆವೆಲ್ ವೈರನ್ನು, ಅಂದರೆ ಸ್ಪೀಕರ್ ಟರ್ಮಿನಲ್‌ನಿಂದಲೇ ಎಳೆಯುವ ವೈರನ್ನು, ಹಳೇ ಅಭ್ಯಾಸದಂತೆ ಕಪ್ಪಿಗೆ ಗ್ರೌಂಡ್ ಕೊಟ್ಟು ಜೋಡಿಸಿದೆ. "ಟಪ್" ಅಂತ ಒಂದು ಸದ್ದು, ಆಮೇಲೆ ಆಂಪ್ ಏಳಲೇ ಇಲ್ಲ. ತಪ್ಪು ನನ್ನದೇ, ಮ್ಯಾನುಯಲ್‌ನ ಎರಡನೇ ಪುಟದಲ್ಲೇ ಬರೆದಿತ್ತು.

ವೈರ್ ವಿಷಯದಲ್ಲಿ ದುಬಾರಿ ಕೇಬಲ್ ಬೇಕಿಲ್ಲ. 8 ಓಮ್ ಸ್ಪೀಕರ್, ಐದು ಮೀಟರ್ ಒಳಗೆ ಆದರೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಸಾಕು. 4 ಓಮ್ ಅಥವಾ ಇನ್ನೂ ಉದ್ದ ಆದರೆ 2.5. ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬಿಟ್ಟು ಬನ್ನಿ. ತುದಿ ಸುಲಿದಾಗ ಒಂದು ಎಳೆಯೂ ಪಕ್ಕದ ಟರ್ಮಿನಲ್ಲಿಗೆ ತಾಗದ ಹಾಗೆ ಹೊಸೆಯಿರಿ. ಬನಾನಾ ಪ್ಲಗ್ ಹಾಕಿದರೆ ಆ ತಲೆನೋವೂ ಇಲ್ಲ.

ಕಂಪ್ಯೂಟರ್ ಜೋಡಿಸಿದ ಮೇಲೆ "ಗುಂಯ್" ಅಂತ ಬಂದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್. ಎರಡು ಸಾಧನಗಳ ಅರ್ಥಿಂಗ್ ಸೇರಿ ಒಂದು ಸುತ್ತು ಆಗಿರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಸದ್ದು ನಿಂತರೆ ಅದೇ ಕಾರಣ. ಆಪ್ಟಿಕಲ್ ವೈರ್ ಅಥವಾ ಬ್ಲೂಟೂತ್‌ಗೆ ಹೋದರೆ ಸರಿಹೋಗುತ್ತದೆ. ಅರ್ಥ್ ಪಿನ್ ಮುರಿದು ಹಾಕುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಅದು ಜೀವದ ಪ್ರಶ್ನೆ.

ಬಿಸಿ ಕಮ್ಮಿ ಅಂದೆ, ಇಲ್ಲವೇ ಇಲ್ಲ ಅಂದಿಲ್ಲ. ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಬೊಂಬೆಗಳ ನಡುವೆ ಮುಚ್ಚಿಡಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಂತ 8: ಮನೆಗೆ ಬಂದ ದಿನವೇ ಪರೀಕ್ಷೆ

ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಇವು ಆಗಿಬಿಡಲಿ. ಏನೂ ನುಡಿಸದೆ, ವಾಲ್ಯೂಮ್ ಎಂದಿನ ಮಟ್ಟದಲ್ಲಿಟ್ಟು ಟ್ವೀಟರ್‌ಗೆ ಕಿವಿ ಹಚ್ಚಿ. ಟ್ವೀಟರ್ ಅಂದರೆ ಸ್ಪೀಕರಿನ ಮೇಲುಗಡೆಯ ಚಿಕ್ಕ ಗುಮ್ಮಟ. ಹತ್ತಿರದಲ್ಲಿ ಸಣ್ಣ "ಹಿಸ್" ಸಹಜ. ಸೋಫಾದವರೆಗೆ ಕೇಳಿದರೆ ವಾಪಸ್ ಮಾಡಿ. ಆನ್, ಆಫ್ ಮಾಡುವಾಗ ಜೋರಾಗಿ "ಧಬ್" ಅನ್ನಬಾರದು. ವಾಲ್ಯೂಮ್ ತೀರಾ ಕಮ್ಮಿ ಮಾಡಿ, ಎಡ ಬಲ ಎರಡೂ ಸಮ ಇವೆಯಾ ಕೇಳಿ. ಚಿಕ್ಕ ಆಂಪ್‌ಗಳ ವಾಲ್ಯೂಮ್ ಗುಂಡಿಯಲ್ಲಿ ಇದು ಆಗಾಗ ಕಾಣುವ ದೋಷ. ಒಂದು ಗಂಟೆ ನುಡಿಸಿ ಪೆಟ್ಟಿಗೆ, ಅಡಾಪ್ಟರ್ ಎರಡನ್ನೂ ಮುಟ್ಟಿ ನೋಡಿ. ಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಸುಡಬಾರದು.

"ನೂರು ಗಂಟೆ ನುಡಿಸಿದರೆ ದನಿ ತೆರೆದುಕೊಳ್ಳುತ್ತದೆ" ಅಂತ ಅಂಗಡಿಯವರು ಹೇಳಬಹುದು. ಸುಮ್ನೆ ಹೇಳುವ ಮಾತು. ಅಷ್ಟರಲ್ಲಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ.

ಕೊನೆಯದು, ಮನೆಯಲ್ಲಿ ಹಿರಿಯರ ರೇಡಿಯೋ ಇದ್ದರೆ ಮಾತ್ರ. ಆಕಾಶವಾಣಿ ಬೆಂಗಳೂರು ಮೀಡಿಯಂ ವೇವ್‌ನಲ್ಲಿ 612 ಕಿಲೋಹರ್ಟ್ಸ್. ಟಿಪಿಎ 3255 ಸ್ವಿಚ್ ಆಗುವ ವೇಗವೂ 450ರಿಂದ 600 ಕಿಲೋಹರ್ಟ್ಸ್ ಆಸುಪಾಸು. ಪಕ್ಕದಲ್ಲಿಟ್ಟರೆ ವಾರ್ತೆಯ ಮೇಲೆ "ಕರ್ರ್" ಅಂತ ಗೊರಗೊರ ಬರಬಹುದು. ಎಫ್‌ಎಂನ ವಿವಿಧ ಭಾರತಿ, 102.9ಕ್ಕೆ, ಈ ಕಾಟ ಅಷ್ಟಾಗಿ ಇಲ್ಲ. ಆಂಪ್ ಆನ್ ಮಾಡಿ, ರೇಡಿಯೋವನ್ನು 612ಕ್ಕೆ ತಿರುಗಿಸಿ, ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಹೋಗಿ. ಗೊರಗೊರ ಎಲ್ಲಿ ನಿಲ್ಲುತ್ತದೋ ಅಲ್ಲೇ ರೇಡಿಯೋಗೆ ಜಾಗ. ನಮ್ಮ ಮನೆಯಲ್ಲಿ ಅದು ಅಡುಗೆಮನೆ ಬಾಗಿಲಿನ ಹತ್ತಿರ ಬಂತು.